ತೋಪಿನ ಸದ್ದಿಗೆ ಓಟ ಕೀಳುವ ಕುದುರೆ: ಒಂದು ಪ್ರಕರಣ ಅಧ್ಯಯನ

ವಿಜಯದಶಮಿಯಂದು ಮೈಸೂರು ಅರಮನೆ ಆವರಣದಲ್ಲಿ ಚಿನ್ನದ ಅಂಬಾರಿಗೆ ಪುಷ್ಪಾರ್ಚನೆ ನಡೆಯುವಾಗ, ರಾಷ್ಟ್ರಗೀತೆಯ ಹೊತ್ತಿಗೆ 21 ಕುಶಾಲತೋಪು ಸಿಡಿಯುತ್ತವೆ. ಒಂದರ ಸದ್ದಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಅದಕ್ಕೇ ಜಂಬೂಸವಾರಿಯ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ಹಬ್ಬಕ್ಕೆ ಮೊದಲೇ ತೋಪಿನ ತಾಲೀಮು ಕೊಡುತ್ತಾರೆ. ಹಲವು ದಸರೆ ಕಂಡ ಕುದುರೆಗೆ ಆ ತಾಲೀಮು ಹಳೆಯ ಪಾಠವನ್ನು ನೆನಪಿಸಿದರೆ ಸಾಕು. ಹೊಸದಾಗಿ ಬಂದ, ಸದ್ದಿಗೆ ಬೆಚ್ಚುವ ಕುದುರೆಗೆ ಅದಕ್ಕೂ ತಿಂಗಳುಗಳ ಮುಂಚೆ ಬೇರೆಯೇ ಕೆಲಸ ಆಗಿರಬೇಕು. ಈ ಬರಹ ಆ ಕೆಲಸದ ಬಗ್ಗೆ.

ಇಲ್ಲಿ ಬರುವ ಕುದುರೆ ಯಾವುದೋ ಒಂದು ದಳದ್ದೋ ಲಾಯದ್ದೋ ಅಲ್ಲ. ರೇಸಿನಿಂದ ನಿವೃತ್ತಿಯಾಗಿ ಸವಾರಿಗೆ, ಮೆರವಣಿಗೆಗೆ ಸೇರುವ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ) ಕುದುರೆಗಳಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದ್ದೇವೆ. ಅಳತೆಗಳೆಲ್ಲ 450 ಕಿಲೊ ತೂಕದ, ಆರು ವರ್ಷದ, ಬೀಜ ಒಡೆಸಿದ ಗಂಡು ಕುದುರೆಗೆ ಹೊಂದುವಂಥವು.

ದೂರು ಏನು

ಲಾಯದಲ್ಲಿ ಸಾಧು. ಮೈ ಉಜ್ಜಿಸಿಕೊಳ್ಳುತ್ತದೆ, ಗೊರಸು ಎತ್ತಿಕೊಡುತ್ತದೆ. ಆದರೆ ಹತ್ತಿರದಲ್ಲಿ ಪಟಾಕಿ, ಟೈರ್ ಒಡೆದ ಸದ್ದು, ಕಬ್ಬಿಣದ ಗೇಟು ಬಡಿದ ಸದ್ದು ಕೇಳಿದರೆ ಒಂದೇ ನೆಗೆತಕ್ಕೆ ಓಟ ಕೀಳುತ್ತದೆ. ಸವಾರ ಲಗಾಮು ಬಿಗಿಹಿಡಿದಷ್ಟೂ ವೇಗ ಹೆಚ್ಚುತ್ತದೆ. ಹಗ್ಗ ಹಿಡಿದು ನಡೆಸುವಾಗ ಬೆಚ್ಚಿದರೆ ಅದನ್ನು ನೋಡಿಕೊಳ್ಳುವ ಸೈಸ್‌ನನ್ನು ಎಳೆದುಕೊಂಡೇ ಹೋಗುತ್ತದೆ. ಒಮ್ಮೆ ಬೆಚ್ಚಿದ ಮೇಲೆ ಅರ್ಧ ಗಂಟೆಯಾದರೂ ಬೆವರು ಆರುವುದಿಲ್ಲ, ಬಾಯಿಗೆ ಮೇವು ತೆಗೆದುಕೊಳ್ಳುವುದಿಲ್ಲ, ತೆಳ್ಳಗೆ ಲದ್ದಿ ಹಾಕುತ್ತಲೇ ಇರುತ್ತದೆ.

ಇಂಥ ಕುದುರೆಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: ಬಲವಾದ ಕಂಬಕ್ಕೆ ಕಟ್ಟಿ, ಪಕ್ಕದಲ್ಲೇ ಸರ ಪಟಾಕಿ ಹಚ್ಚಿ, ತಾನಾಗಿ ತಣ್ಣಗಾಗುತ್ತದೆ. ಇದು ಅಪಾಯಕಾರಿ ಸಲಹೆ. ಕಟ್ಟಿದ ಕುದುರೆ ಹಿಂದಕ್ಕೆ ಜಗ್ಗಿ ತಲೆಯ ಹಿಂಭಾಗಕ್ಕೆ, ಕೊರಳಿನ ಮೇಲಿನ ಕೀಲುಗಳಿಗೆ ಪೆಟ್ಟು ಮಾಡಿಕೊಳ್ಳುತ್ತದೆ. ಹಗ್ಗ ಕಿತ್ತರೆ ಹಿಂದಕ್ಕೆ ಬಿದ್ದು ಸಾಯಲೂಬಹುದು. ಅಷ್ಟೆಲ್ಲ ಆಗದೆ ಸುಮ್ಮನೆ ನಿಂತರೂ ಅದು ಕಲಿತಿದೆ ಎಂದು ಅರ್ಥವಲ್ಲ. ಕಣ್ಣು ಒಂದೇ ಕಡೆ ನೆಟ್ಟಿದ್ದು, ರೆಪ್ಪೆ ಮಿಟುಕದೆ, ತುಟಿ ಬಿಗಿದು, ಬಾಲ ಒಳಕ್ಕೆ ಒತ್ತಿಕೊಂಡು ನಿಂತ ಕುದುರೆ ಹೆದರಿ ಮರಗಟ್ಟಿದೆ. ಅದನ್ನು ‘ಪಳಗಿತು’ ಎಂದುಕೊಂಡು ಜನರ ನಡುವೆ ಒಯ್ದರೆ, ಯಾವುದೋ ಸಣ್ಣ ಸದ್ದಿಗೆ ಅಷ್ಟೂ ಭಯ ಒಟ್ಟಿಗೇ ಹೊರಬರುತ್ತದೆ.

ಮೊದಲು ನೋವು

ಬೆಚ್ಚುವ ಕುದುರೆಗೆ ಪಾಠ ಶುರುಮಾಡುವ ಮುನ್ನ ಪಶುವೈದ್ಯರಿಂದ ಪೂರ್ತಿ ತಪಾಸಣೆ ಆಗಬೇಕು. ನೋವಿರುವ ಕುದುರೆಯ ಸಹನೆ ಮೊದಲೇ ಅರ್ಧ ಖಾಲಿಯಾಗಿರುತ್ತದೆ. ಕಿವಿಯೊಳಗೆ ಉಣ್ಣೆ ಕಚ್ಚಿಕೊಂಡಿದೆಯೇ, ಕಣ್ಣಿನಲ್ಲಿ ಹಳೆಯ ಉರಿಯೂತದ ಗುರುತಿದೆಯೇ, ಹಲ್ಲಿನ ಅಂಚು ಕೆನ್ನೆಗೆ ಚುಚ್ಚುತ್ತಿದೆಯೇ, ಜೀನು ಹೆಗಲ ಮೂಳೆಯ ಮೇಲೆ ಕೂರುತ್ತಿದೆಯೇ ಎಂದು ನೋಡಬೇಕು. ಥರೋಬ್ರೆಡ್‌ಗೆ ಹೆಗಲ ಮೂಳೆ ಎದ್ದಿರುತ್ತದೆ. ಅಗಲ ಬೆನ್ನಿನ ಕುದುರೆಗೆ ಮಾಡಿಸಿದ ಜೀನನ್ನು ಇದಕ್ಕೆ ಬಿಗಿದರೆ ಮುಂಭಾಗ ಕುಸಿದು ಮೂಳೆಗೆ ತಾಗುತ್ತದೆ. ಸವಾರ ಕೂತ ಮೇಲೂ ಜೀನಿನ ಕಮಾನಿಗೂ ಹೆಗಲಿಗೂ ನಡುವೆ ಎರಡು-ಮೂರು ಬೆರಳು ಹೋಗುವಷ್ಟು ಜಾಗ ಉಳಿಯಬೇಕು.

ರೇಸಿನ ಕುದುರೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಅನುಮಾನಿಸಬೇಕಾದ್ದು ಹೊಟ್ಟೆ ಹುಣ್ಣು. ಕುದುರೆಯ ಹೊಟ್ಟೆ ಮೇವಿರಲಿ ಬಿಡಲಿ ದಿನವಿಡೀ ಆಮ್ಲ ಸುರಿಸುತ್ತಲೇ ಇರುತ್ತದೆ. ಅದನ್ನು ತಣಿಸುವ ಜೊಲ್ಲು ಬರುವುದು ಅಗಿಯುವಾಗ ಮಾತ್ರ. ರೇಸಿನ ತರಬೇತಿಯಲ್ಲಿ ಕಾಳು ಹೆಚ್ಚು, ಹುಲ್ಲು ಕಡಿಮೆ, ಖಾಲಿ ಹೊಟ್ಟೆಯ ಓಟ ಬೇರೆ. ಓಡುವಾಗ ಆಮ್ಲ ಚಿಮ್ಮಿ ಹೊಟ್ಟೆಯ ಮೇಲ್ಭಾಗದ ರಕ್ಷಣೆಯಿಲ್ಲದ ಒಳಪದರವನ್ನು ಸುಡುತ್ತದೆ. ತಂಗು (ಜೀನನ್ನು ಹೊಟ್ಟೆಗೆ ಕಟ್ಟುವ ಪಟ್ಟಿ) ಬಿಗಿಯುವಾಗ ಕಚ್ಚಲು ಬರುವುದು, ಕಾಳನ್ನು ಅರ್ಧಕ್ಕೇ ಬಿಡುವುದು, ಮೈಗೆ ಮಾಂಸ ಹಿಡಿಯದಿರುವುದು, ಸಣ್ಣದಕ್ಕೂ ಸಿಡುಕುವುದು ಇದರ ಸುಳಿವುಗಳು. ಖಚಿತವಾಗುವುದು ಎಂಡೋಸ್ಕೋಪಿಯಿಂದ, ಅದಕ್ಕೆ ಸುಮಾರು ಮೂರು ಮೀಟರ್ ಉದ್ದದ ಕೊಳವೆ ಬೇಕು. ಹುಣ್ಣು ಕಂಡರೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಒಮೆಪ್ರಜೋಲ್: ಕಿಲೊ ತೂಕಕ್ಕೆ 4 ಮಿಲಿಗ್ರಾಂ, ಅಂದರೆ ಈ ಕುದುರೆಗೆ ದಿನಕ್ಕೆ 1,800 ಮಿಲಿಗ್ರಾಂ, 28 ದಿನ, ಬೆಳಗಿನ ಮೇವಿಗೆ ಮುಂಚೆ. ಮನುಷ್ಯರ ಕ್ಯಾಪ್ಸೂಲನ್ನು ಬಿಚ್ಚಿ ಕಾಳಿಗೆ ಬೆರೆಸಿದರೆ ಪ್ರಯೋಜನ ಆಗದು. ಹೊರಪದರ ಒಡೆದ ಮದ್ದು ಹೊಟ್ಟೆಯ ಆಮ್ಲದಲ್ಲೇ ಕೆಟ್ಟುಹೋಗುತ್ತದೆ. ಕುದುರೆಗೆಂದೇ ತಯಾರಿಸಿದ ಪೇಸ್ಟ್ ಬೇಕು.

ಮದ್ದಿನಷ್ಟೇ ಮುಖ್ಯ ಮೇವು. ಒಣ ತೂಕದ ಲೆಕ್ಕದಲ್ಲಿ ದಿನಕ್ಕೆ ದೇಹದ ತೂಕದ ಶೇ 1.5ರಿಂದ 2ರಷ್ಟು, ಅಂದರೆ ಏಳರಿಂದ ಒಂಬತ್ತು ಕಿಲೊ ಹುಲ್ಲು ಒಳಗೆ ಹೋಗಬೇಕು. ರಾಗಿ ಹುಲ್ಲೊಂದನ್ನೇ ನೆಚ್ಚದೆ ಒಳ್ಳೆಯ ಒಣಹುಲ್ಲನ್ನೂ ಹಸಿರು ಮೇವನ್ನೂ ಬೆರೆಸಬೇಕು. ಒಂದು ಹೊತ್ತಿಗೆ ಒಂದು ಕಿಲೊ ಓಟ್ಸ್ ಮೀರಬಾರದು. ಕೆಲಸಕ್ಕೆ ಅರ್ಧ ಗಂಟೆ ಮೊದಲು ಅರ್ಧ ಕಿಲೊ ಒಣಗಿದ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ತಿನ್ನಿಸಿದರೆ ಅದರ ಸುಣ್ಣದಂಶ ಆಮ್ಲವನ್ನು ತಗ್ಗಿಸುತ್ತದೆ, ಹೊಟ್ಟೆಯಲ್ಲಿ ಮೇವಿನ ಪದರವೂ ಇರುತ್ತದೆ. ಈ ಬದಲಾವಣೆಗೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಒಂದೇ ದಿನಕ್ಕೆ ಬದಲಿಸಿದರೆ ಹೊಟ್ಟೆಶೂಲೆಗೆ ದಾರಿ.

ಈ ಕುದುರೆಗೆ ಹುಣ್ಣಿತ್ತು, ಜೀನೂ ಹೊಂದಿರಲಿಲ್ಲ ಎಂದುಕೊಳ್ಳೋಣ. ಎರಡೂ ಸರಿಹೋದ ಮೇಲೆ ಸಿಡುಕು ತಗ್ಗುತ್ತದೆ, ತಂಗು ಬಿಗಿಯಲು ಬಿಡುತ್ತದೆ. ಸದ್ದಿಗೆ ಓಡುವುದು ಮಾತ್ರ ನಿಲ್ಲುವುದಿಲ್ಲ. ಇಲ್ಲಿಂದ ಮುಂದೆ ತರಬೇತಿಯ ಕೆಲಸ.

ಎರಡು ಸದ್ದು, ಎರಡು ಉತ್ತರ

‘ಸದ್ದಿಗೆ ಹೆದರುತ್ತದೆ’ ಎಂಬ ದೂರನ್ನು ಬಿಡಿಸಿ ನೋಡಬೇಕು. ತೆರೆದ ಬಯಲಿನಲ್ಲಿ, ನಾಲ್ಕು ಮೀಟರ್ ಉದ್ದದ ಹತ್ತಿ ಹಗ್ಗದಲ್ಲಿ ಕುದುರೆಯನ್ನು ಹಿಡಿದು, ಐವತ್ತು-ಅರವತ್ತು ಮೀಟರ್ ಆಚೆ ಒಬ್ಬರು ಒಮ್ಮೆ ಕಬ್ಬಿಣದ ತಗಡನ್ನು ಬಡಿಯಬೇಕು. ಐದು ನಿಮಿಷ ಬಿಟ್ಟು ಗಾಳಿ ತುಂಬಿದ ಕಾಗದದ ಚೀಲವನ್ನು ಒಡೆಯಬೇಕು. ಚೀಲ ಒಡೆದಾಗ ಈ ಕುದುರೆ ತಲೆ ಎತ್ತಿ, ಹಿಂಗಾಲು ಕುಗ್ಗಿಸಿ, ಸದ್ದಿನಿಂದ ಆಚೆಗೆ ತಿರುಗುತ್ತದೆ. ಅದು ಭಯ. ತಗಡಿನ ಸದ್ದಿಗೆ ಬೇರೆಯೇ ನಡೆ: ಕಿವಿ ಮುಂದಕ್ಕೆ, ಕೊರಳು ಮುಂದಕ್ಕೆ, ಸದ್ದು ಯಾವ ಕಡೆಯಿಂದ ಬಂದರೂ ತಾನು ಮುಖ ಮಾಡಿದ ಕಡೆಗೇ ನೇರ ನೆಗೆತ. ಅದು ರೂಢಿ. ರೇಸು ಶುರುವಾಗುವ ಕಡೆಯ ಸ್ಟಾರ್ಟಿಂಗ್ ಗೇಟಿನ ಬಾಗಿಲು ಧಡಾರನೆ ತೆರೆದ ಕ್ಷಣಕ್ಕೆ ಪ್ರಾಣ ಬಿಟ್ಟು ಓಡಬೇಕೆಂದು ಈ ಕುದುರೆಗೆ ವರ್ಷಗಟ್ಟಲೆ ಕಲಿಸಲಾಗಿದೆ. ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಿರುವಾಗಲೇ ಅದರ ಮೇಲೆ ಒರಗಿ ಓಡುವುದೂ ಅಲ್ಲಿ ಕಲಿತ ಪಾಠವೇ. ಹೀಗಾಗಿ ಸದ್ದು ಕೇಳಿ ಸವಾರ ಎರಡೂ ಲಗಾಮನ್ನು ಜಗ್ಗಿದರೆ, ಕುದುರೆಯ ತಿಳಿವಳಿಕೆಯಲ್ಲಿ ಅದು ನಿಲ್ಲು ಎಂಬ ಆಜ್ಞೆಯೇ ಅಲ್ಲ.

ಈ ಭೇದ ಗೊತ್ತಾದರೆ ಕೆಲಸವೂ ಎರಡಾಗುತ್ತದೆ. ಭಯಕ್ಕೆ ಸದ್ದನ್ನು ಚಿಕ್ಕದರಿಂದ ದೊಡ್ಡದಕ್ಕೆ ಬೆಳೆಸಬೇಕು. ರೂಢಿಗೆ ಹೊಸ ಉತ್ತರ ಕಲಿಸಬೇಕು: ಸದ್ದು ಕೇಳಿದರೆ ಓಡುವುದಲ್ಲ, ನಿಂತು ತಲೆ ತಗ್ಗಿಸುವುದು. ಎರಡನ್ನೂ ಬೆರೆಸಿ ಒಂದೇ ಪಾಠ ಮಾಡಿದರೆ ಯಾವುದೂ ಗಟ್ಟಿಯಾಗುವುದಿಲ್ಲ.

ಕುದುರೆಯ ಕಿವಿಯ ಬಗ್ಗೆ ಎರಡು ಸಂಗತಿ ಇಲ್ಲಿ ಉಪಯೋಗಕ್ಕೆ ಬರುತ್ತವೆ. ಅದು ಕೇಳುವುದು ಸುಮಾರು 55 ಹರ್ಟ್ಸ್‌ನಿಂದ 33,500 ಹರ್ಟ್ಸ್‌ವರೆಗೆ. ನಮ್ಮದು 20ರಿಂದ 20,000. ಸರ ಪಟಾಕಿಯ ಚಟಪಟ, ರಾಕೆಟ್ಟಿನ ಸಿಳ್ಳಿನಲ್ಲಿ ನಮಗೆ ಕೇಳದ ಮೊನಚೂ ಅದಕ್ಕೆ ಕೇಳುತ್ತದೆ. ಎರಡನೆಯದು, ಸದ್ದಿನ ದಿಕ್ಕು ಗುರುತಿಸುವುದರಲ್ಲಿ ಕುದುರೆ ಹಿಂದೆ. ಮನುಷ್ಯ ಒಂದು ಡಿಗ್ರಿಯ ವ್ಯತ್ಯಾಸ ಹಿಡಿದರೆ, ಕುದುರೆಗೆ ಸುಮಾರು 25 ಡಿಗ್ರಿ ಬೇಕು. ಎಲ್ಲಿಂದ ಬಂತೆಂದು ಗೊತ್ತಾಗದ ಸದ್ದು ದುಪ್ಪಟ್ಟು ಭಯ ಹುಟ್ಟಿಸುತ್ತದೆ. ಆದ್ದರಿಂದ ತಾಲೀಮಿನಲ್ಲಿ ಸದ್ದು ಮಾಡುವವರು ಕುದುರೆಯ ಕಣ್ಣಿಗೆ ಕಾಣುವಂತೆ ಓರೆಯಾಗಿ ಎದುರಿಗಿರಬೇಕು, ಬೆನ್ನಿಗಲ್ಲ.

ನೆಲದ ಮೇಲಿನ ಪಾಠ

ಆಷಾಢದ ಆರಂಭದಲ್ಲಿ ಕೆಲಸ ಶುರುಮಾಡಿದರೆ ವಿಜಯದಶಮಿಗೆ ಸುಮಾರು ಹದಿನಾಲ್ಕು ವಾರ ಸಿಗುತ್ತದೆ. ಮೊದಲ ಮೂರು ವಾರ ಸದ್ದಿನ ಮಾತೇ ಇಲ್ಲ.

ಹಗ್ಗ ಹಿಡಿಯುವವರಿಗೆ ಕೈಗವಸು, ಹೆಲ್ಮೆಟ್, ಗಟ್ಟಿ ಬೂಟು. ಹಗ್ಗವನ್ನು ಯಾವ ಕಾರಣಕ್ಕೂ ಕೈಗೆ ಸುತ್ತಿಕೊಳ್ಳಬಾರದು, ಮಡಿಕೆ ಮಾಡಿ ಹಿಡಿಯಬೇಕು. ನಿಲ್ಲುವ ಜಾಗ ಕುದುರೆಯ ಎಡ ಹೆಗಲಿನ ಪಕ್ಕ, ಒಂದು ತೋಳಿನ ಅಂತರದಲ್ಲಿ. ಕಲಿಸುವುದು ನಾಲ್ಕೇ: ಮುಂದೆ ಬಾ, ನಿಲ್ಲು, ಹಿಂದೆ ಸರಿ, ತಲೆ ತಗ್ಗಿಸು. ನಾಲ್ಕಕ್ಕೂ ನಿಯಮ ಒಂದೇ. ಹಗ್ಗದಲ್ಲಿ ಹಗುರ ಒತ್ತಡ ಕೊಡುವುದು, ಕುದುರೆ ಸರಿಯಾದ ಕಡೆಗೆ ಕೂದಲೆಳೆಯಷ್ಟು ಹೊರಳಿದರೂ ಆ ಕ್ಷಣವೇ ಒತ್ತಡ ಬಿಡುವುದು. ಕುದುರೆ ಕಲಿಯುವುದು ಜಗ್ಗುವುದರಿಂದಲ್ಲ, ಬಿಡುವುದರಿಂದ. ಎರಡು ಸೆಕೆಂಡ್ ತಡವಾಗಿ ಬಿಟ್ಟರೆ ಆ ಎರಡು ಸೆಕೆಂಡಿನಲ್ಲಿ ಕುದುರೆ ಏನು ಮಾಡುತ್ತಿತ್ತೋ ಅದನ್ನೇ ಕಲಿಸಿದಂತಾಗುತ್ತದೆ. ತಲೆ ಎತ್ತಿ ಒದರುತ್ತಿರುವಾಗ ಸೈಸ್ ಸುಸ್ತಾಗಿ ಹಗ್ಗ ಸಡಿಲಿಸಿದರೆ, ‘ತಲೆ ಒದರಿದರೆ ಬಿಡುಗಡೆ’ ಎಂದು ಅದಕ್ಕೆ ಪಾಠವಾಗುತ್ತದೆ. ಇಂಥ ಬಹುಪಾಲು ತೊಂದರೆ ಹುಟ್ಟುವುದು ಹೀಗೆಯೇ.

ತಲೆ ತಗ್ಗಿಸುವುದಕ್ಕೆ ಹಾಲ್ಟರಿನ (ತಲೆಗೆ ತೊಡಿಸುವ, ಹಗ್ಗ ಕಟ್ಟುವ ಪಟ್ಟಿಯ) ಕೆಳಗೆ ಹಗ್ಗ ಹಿಡಿದು ಸಣ್ಣಗೆ ಕೆಳಕ್ಕೆ ಒತ್ತಬೇಕು. ಒಂದು ಬೆರಳಿನಷ್ಟು ಇಳಿದರೆ ಕೈಬಿಡಬೇಕು. ದಿನ ಕಳೆದಂತೆ ಮೂಗು ಮೊಣಕಾಲಿನ ಮಟ್ಟಕ್ಕೆ ಬರುತ್ತದೆ. ತಲೆ ತಗ್ಗಿಸಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಆದರೆ ಬೆಚ್ಚಿದ ಕ್ಷಣದಲ್ಲಿ ಮಾಡಲು ಗೊತ್ತಿರುವ ಒಂದು ಕೆಲಸ ಕುದುರೆಗೆ ಸಿಗುತ್ತದೆ, ಮತ್ತು ತಲೆ ಕೆಳಗಿರುವ ಕುದುರೆ ಒಮ್ಮೆಗೇ ನೆಗೆಯಲಾರದು.

ಇದರ ಜೊತೆಗೆ ಒಂದು ರಬ್ಬರ್ ಚಾಪೆ, ಒಂದು ಮೀಟರ್ ಉದ್ದ-ಅಗಲದ್ದು. ಮುಂಗಾಲು ಎರಡನ್ನೂ ಅದರ ಮೇಲೆ ಇಟ್ಟರೆ ಅಗಲ ಬಾಂಡ್ಲಿಯಲ್ಲಿ ಒಂದು ಹಿಡಿ ಕ್ಯಾರೆಟ್. ಕ್ಯಾರೆಟನ್ನು ಉದ್ದುದ್ದಕ್ಕೆ ಸೀಳಬೇಕು, ಬಿಲ್ಲೆಯಾಗಿ ಕತ್ತರಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೈಯಿಂದ ತಿನ್ನಿಸುವುದು ಬೇಡ, ಜೇಬು ಮೂಸಿ ಕಚ್ಚುವ ಚಾಳಿ ಬರುತ್ತದೆ. ಕೆಲವು ದಿನಗಳಲ್ಲಿ ಕುದುರೆ ಚಾಪೆ ಕಂಡರೆ ತಾನೇ ಹೋಗಿ ನಿಲ್ಲುತ್ತದೆ. ಚಾಪೆಯನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಹೊಸ ಮೈದಾನದಲ್ಲೂ ಅದಕ್ಕೆ ಪರಿಚಿತ ಜಾಗ ಅದೊಂದೇ.

ಕಿವಿಗೆ ಹತ್ತಿ ಇಡಿಸಿಕೊಳ್ಳುವುದನ್ನೂ ಈಗಲೇ ಕಲಿಸಬೇಕು. ರೇಸಿನಲ್ಲೂ ಜಂಪಿಂಗ್ ಸ್ಪರ್ಧೆಗಳಲ್ಲೂ ಬಳಸುವ ಮೆತ್ತನೆಯ ಉಂಡೆಗಳು ಸಿಗುತ್ತವೆ. ಇಲ್ಲದಿದ್ದರೆ ನಿಂಬೆಹಣ್ಣಿನ ಗಾತ್ರದ ಸ್ಪಂಜನ್ನು ತೆಳು ಬಟ್ಟೆಯಲ್ಲಿ ಸುತ್ತಿ, ದಾರದಿಂದ ತಲೆಪಟ್ಟಿಗೆ ಕಟ್ಟಬಹುದು. ದಾರವಿಲ್ಲದೆ ತುರುಕಿದರೆ ಒಳಗೇ ಉಳಿದು ಕಿವಿ ಹುಣ್ಣಾಗುತ್ತದೆ. ಕುದುರೆ ಬೆಚ್ಚಿದ ಮೇಲೆ ತುರುಕಲು ಹೋದರೆ ಮುಂದೆ ಕಿವಿಯನ್ನೇ ಮುಟ್ಟಗೊಡುವುದಿಲ್ಲ.

ದೂರದ ಲೆಕ್ಕ

ಪ್ರತಿ ಸದ್ದಿಗೂ ಕುದುರೆಯ ಉತ್ತರವನ್ನು ಸೊನ್ನೆಯಿಂದ ನಾಲ್ಕರವರೆಗೆ ಬರೆದಿಡಬೇಕು. ಕಿವಿ ಮಾತ್ರ ತಿರುಗಿ ಅಗಿಯುವುದು ಮುಂದುವರಿದರೆ ಸೊನ್ನೆ. ತಲೆ ಎತ್ತಿ, ಅಗಿಯುವುದು ನಿಂತು, ಐದು ಸೆಕೆಂಡಿನೊಳಗೆ ಮತ್ತೆ ಬಾಂಡ್ಲಿಗೆ ಬಾಯಿ ಹಾಕಿದರೆ ಒಂದು. ಹೆಜ್ಜೆ ಕದಲಿದರೆ ಎರಡು. ತಿರುಗಿದರೆ ಅಥವಾ ಹಗ್ಗ ಜಗ್ಗಿದರೆ ಮೂರು. ಓಟ ಕಿತ್ತರೆ ನಾಲ್ಕು. ಕೆಲಸವೆಲ್ಲ ಸೊನ್ನೆ ಮತ್ತು ಒಂದರೊಳಗೆ ನಡೆಯಬೇಕು. ಎರಡು ಬಂದರೆ ದೂರ ಹೆಚ್ಚಿಸಬೇಕು. ಮೂರು ಬಂದರೆ ಅಂದಿನ ಪಾಠ ಮುಗಿಯಿತು. ಡೆನ್ಮಾರ್ಕಿನಲ್ಲಿ ಎರಡು ವರ್ಷದ ಗಂಡು ಕುದುರೆಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ಮಾತು ಹೇಳುತ್ತದೆ: ಹೆದರಿಸುವ ವಸ್ತುವನ್ನು ಹಂತಹಂತವಾಗಿ ಪರಿಚಯಿಸಿದ ಗುಂಪಿನ ಎಲ್ಲ ಕುದುರೆಗಳೂ ಅದಕ್ಕೆ ಒಗ್ಗಿದವು, ಮೊದಲಿನಿಂದಲೇ ಪೂರ್ತಿಯಾಗಿ ತೋರಿಸಿದ ಗುಂಪುಗಳಲ್ಲಿ ಕೆಲವು ಒಗ್ಗಲೇ ಇಲ್ಲ.

ಮೊಬೈಲಿನಲ್ಲಿ ಪಟಾಕಿ ಸದ್ದು ಕೇಳಿಸುವುದರಿಂದ ಆರಂಭಿಸಬಹುದು, ಆದರೆ ಅದರ ಮೇಲೆ ಭರವಸೆ ಬೇಡ. ಸಣ್ಣ ಸ್ಪೀಕರಿನಲ್ಲಿ ತೋಪಿನ ಆಳದ ಗುಡುಗು, ಎದೆಗೆ ತಟ್ಟುವ ಗಾಳಿಯ ಹೊಡೆತ ಬರುವುದೇ ಇಲ್ಲ. ಅದಾದ ಮೇಲೆ ದೂರದ ತಮಟೆ, ನಗಾರಿ, ಮಕ್ಕಳ ರೀಲು ಪಿಸ್ತೂಲು. ಕೊನೆಗೆ ಬಿಡಿ ಪಟಾಕಿ.

ಪಟಾಕಿಗೆ ದೂರ ಗೊತ್ತುಮಾಡಲು ಒಂದು ಸರಳ ಲೆಕ್ಕವಿದೆ. ನಮ್ಮ ಕಾನೂನಿನಲ್ಲಿ ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಗೆ ನಿಷೇಧವಿದೆ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅಂದರೆ ಆ ಮಿತಿಯ ಪಟಾಕಿ 32 ಮೀಟರಿನಲ್ಲಿ 107, 128 ಮೀಟರಿನಲ್ಲಿ 95, 512 ಮೀಟರಿನಲ್ಲಿ 83. ಈ ಕುದುರೆಗೆ ಆರಂಭ 500 ಮೀಟರ್ ಆಚೆಯಿಂದ. 500ರಿಂದ 250ಕ್ಕೆ ಬರುವುದೂ 60ರಿಂದ 30ಕ್ಕೆ ಬರುವುದೂ ಕಿವಿಗೆ ಒಂದೇ ಅಳತೆಯ ಏರಿಕೆ. ಇದು ತಿಳಿಯದೆ ‘ದಿನಕ್ಕೆ 50 ಮೀಟರ್ ಹತ್ತಿರ’ ಎಂದು ಹೊರಟವರು ಮೊದಲ ವಾರ ಗೆದ್ದು, ಕೊನೆಯ 100 ಮೀಟರಿನಲ್ಲಿ ಕುದುರೆಯನ್ನು ಕಳೆದುಕೊಳ್ಳುತ್ತಾರೆ. ಹತ್ತಿರವಾದಂತೆ ಹೆಜ್ಜೆ ಚಿಕ್ಕದಾಗಬೇಕು: 500, 350, 250, 180, 125, 90, 60. ಒಂದೊಂದೂ ಸುಮಾರು 3 ಡೆಸಿಬಲ್ಲಿನ ಮೆಟ್ಟಿಲು. ಪಕ್ಕದಲ್ಲಿ ಗೋಡೆಯೋ ಕಟ್ಟಡವೋ ಇದ್ದರೆ ಈ ಲೆಕ್ಕ ಕೆಡುತ್ತದೆ. ಆಷಾಢದಲ್ಲಿ ಪಡುವಣ ಗಾಳಿ ಜೋರು. ಪಟಾಕಿ ಕುದುರೆಯ ಮೂಡಣಕ್ಕಿದ್ದರೆ ಸದ್ದು ಗಾಳಿಗೆ ಎದುರಾಗಿ ಬರಬೇಕಾಗುತ್ತದೆ, ಹಗುರಾಗಿ ತಲುಪುತ್ತದೆ. ಜಾಗ ಬದಲಿಸಿ ಪಡುವಣಕ್ಕೆ ಇಟ್ಟ ದಿನ ಅದೇ ದೂರ ಅದೇ ದೂರವಾಗಿ ಉಳಿಯುವುದಿಲ್ಲ, ಸಿಡಿಮದ್ದಿನ ವಾಸನೆಯೂ ಬರುತ್ತದೆ. ಅದನ್ನು ಬೇರೆಯೇ ಪಾಠವೆಂದು ಎಣಿಸಿ ದೂರ ಹೆಚ್ಚಿಸಬೇಕು.

ಒಂದು ಪಾಠ ಹತ್ತು-ಹನ್ನೆರಡು ನಿಮಿಷ, ಎಂಟು-ಹತ್ತು ಸದ್ದು, ದಿನಕ್ಕೆ ಒಂದೇ ಸಲ, ವಾರಕ್ಕೆ ನಾಲ್ಕೈದು ದಿನ. ಸದ್ದುಗಳ ನಡುವಿನ ಅಂತರ ಅರ್ಧ ನಿಮಿಷದಿಂದ ಒಂದೂವರೆ ನಿಮಿಷದವರೆಗೆ ಹೆಚ್ಚುಕಡಿಮೆ ಆಗುತ್ತಿರಲಿ. ಕುದುರೆ ಚಾಪೆಯ ಮೇಲೆ, ಹಗ್ಗ ಸಡಿಲ, ಕಂಬಕ್ಕೆ ಕಟ್ಟಿಲ್ಲ. ಸದ್ದು ಮೊದಲು, ಒಂದೆರಡು ಸೆಕೆಂಡಿನಲ್ಲಿ ಕ್ಯಾರೆಟ್. ಈ ಕ್ರಮ ತಿರುವುಮುರುವಾಗುವುದು ನಾವು ಅತಿ ಹೆಚ್ಚು ಕಾಣುವ ತಪ್ಪು. ಸೈಸ್ ಪ್ರೀತಿಯಿಂದ, ‘ಈಗ ಸದ್ದು ಬರುತ್ತೆ, ತಿನ್ನಪ್ಪ’ ಎಂದು ಮೊದಲೇ ಬಾಂಡ್ಲಿ ಚಾಚುತ್ತಾನೆ. ನಾಲ್ಕೈದು ಸಲ ಹೀಗಾದರೆ ಕುದುರೆಗೆ ಬಾಂಡ್ಲಿಯೇ ಅಪಾಯದ ಮುನ್ಸೂಚನೆಯಾಗುತ್ತದೆ, ಕ್ಯಾರೆಟ್ ಕಂಡರೇ ಮೂಗಿನ ಹೊಳ್ಳೆ ಅರಳಿಸಿ ಹಿಂದೆ ಸರಿಯುತ್ತದೆ. ಹಾಗಾದರೆ ಬಾಂಡ್ಲಿಯ ಬಣ್ಣ ಬದಲಿಸಿ, ಮೊದಲ ದೂರದಿಂದ ಮತ್ತೆ ಆರಂಭಿಸುವುದೊಂದೇ ದಾರಿ.

ಎದೆಗೆ ಕಟ್ಟುವ ನಾಡಿ ಮಾಪಕ ಇದ್ದರೆ ಬಹಳ ಅನುಕೂಲ. ನಿಂತ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44. ಬೆಚ್ಚಿದರೆ ಕ್ಷಣದಲ್ಲಿ 100 ದಾಟಬಹುದು. ಹೊರಗಿನಿಂದ ‘ಒಂದು’ ಎಂದು ಕಂಡ ಕುದುರೆಯ ನಾಡಿ ಒಂದು ನಿಮಿಷವಾದರೂ 60ಕ್ಕಿಂತ ಕೆಳಗೆ ಇಳಿಯದಿದ್ದರೆ ಅದು ಸಹಿಸಿಕೊಂಡು ನಿಂತಿದೆ, ಒಗ್ಗಿಲ್ಲ. ಮಾಪಕ ಇಲ್ಲದವರು ಎಡ ಮೊಣಕೈಯ ಹಿಂದೆ ಸ್ಟೆತಾಸ್ಕೋಪ್ ಇಟ್ಟು ಎಣಿಸಬಹುದು.

ಸಂಗಾತಿಯ ವಿಷಯವನ್ನು ಲಘುವಾಗಿ ಎಣಿಸಬಾರದು. ಸದ್ದಿಗೆ ಒಗ್ಗಿದ ಹಳೆಯ ಕುದುರೆಯೊಂದು ಮೂರು ಮೀಟರ್ ಪಕ್ಕದಲ್ಲಿ ಹುಲ್ಲು ಅಗಿಯುತ್ತಾ ನಿಂತಿದ್ದರೆ ಹೊಸ ಕುದುರೆಯ ಬೆದರಿಕೆ ಗಣನೀಯವಾಗಿ ತಗ್ಗುತ್ತದೆ. ಇದಕ್ಕೂ ಅಧ್ಯಯನಗಳ ಆಧಾರವಿದೆ. ಆದರೆ ಎರಡು ಹೊಸ ಕುದುರೆಗಳನ್ನು ಒಟ್ಟಿಗೆ ನಿಲ್ಲಿಸಿದರೆ ಒಂದರ ಭಯ ಇನ್ನೊಂದಕ್ಕೆ ಅಂಟುತ್ತದೆ.

ಗಣೇಶನ ಹಬ್ಬ

ಗಣೇಶ ಚತುರ್ಥಿಗೂ ವಿಜಯದಶಮಿಗೂ ನಡುವೆ ಐದು ವಾರ. ಸರಿಯಾಗಿ ನಡೆದಿದ್ದರೆ ಈ ಹೊತ್ತಿಗೆ ಕುದುರೆ 125 ಮೀಟರಿನಲ್ಲಿ ನೆಮ್ಮದಿಯಾಗಿ ತಿನ್ನುತ್ತಿರುತ್ತದೆ. ಆಗ ಒಂದು ರಾತ್ರಿ ವಿಸರ್ಜನೆಯ ಮೆರವಣಿಗೆ ಲಾಯದ ಹಿಂದಿನ ರಸ್ತೆಯಲ್ಲಿ ಬಂದು, ಕಾಂಪೌಂಡಿನ ಆಚೆ ಸಾವಿರದ ಸರ ಸಿಡಿಯುತ್ತದೆ. ಬೆಳಗ್ಗೆ ನೋಡಿದರೆ ಮೈಮೇಲೆ ಒಣಗಿದ ಬೆವರಿನ ಉಪ್ಪು, ಹಿಂಗಾಲಿನ ಗಿಣ್ಣಿನಲ್ಲಿ ತರಚು, ಹುಲ್ಲು ಹಾಗೇ ಇದೆ, ನೆಲದಲ್ಲಿ ಸುತ್ತಿದ ಹೆಜ್ಜೆಯ ಗುರುತು.

ಇಲ್ಲಿ ಎರಡು ತಪ್ಪು ಸುಲಭ. ದಿನ ಕಡಿಮೆಯಿದೆ ಎಂದು 125 ಮೀಟರಿನಿಂದಲೇ ಮುಂದುವರಿಯುವುದು ಒಂದು. ಎಲ್ಲ ಹಾಳಾಯಿತೆಂದು ಕೈಚೆಲ್ಲುವುದು ಇನ್ನೊಂದು. ಮಾಡಬೇಕಾದ್ದು: ಗಾಯ ನೋಡಿಸಿ, ಎರಡು-ಮೂರು ದಿನ ಮೇಯಲು ಬಿಟ್ಟು, ಹಗ್ಗದಲ್ಲಿ ಅಡ್ಡಾಡಿಸಿ, ಆಮೇಲೆ ದೂರವನ್ನು ಎರಡು ಸಲ ಇಮ್ಮಡಿಸಿ 500 ಮೀಟರಿನಿಂದ ಮತ್ತೆ ಹತ್ತಬೇಕು. ಹಿಂದೆ ಕಲಿತದ್ದು ಅಳಿಸಿಹೋಗಿರುವುದಿಲ್ಲ. ಈ ಸಲ ಮೆಟ್ಟಿಲುಗಳು ಬೇಗ ಮುಗಿಯುತ್ತವೆ. ಆದರೆ ಈಗ ಈ ಕುದುರೆಗೆ ಕತ್ತಲೆ ಮತ್ತು ಪಟಾಕಿ ಜೊತೆಗೂಡಿವೆ. ಹಗಲಿನ ಪಾಠ ರಾತ್ರಿಗೆ ತಾನಾಗಿ ದಾಟುವುದಿಲ್ಲ.

ಇಂಥ ರಾತ್ರಿಗಳಿಗೆ ಮೊದಲೇ ಸಿದ್ಧತೆ ಬೇಕು. ರಸ್ತೆಗೆ ದೂರದ ಒಳಲಾಯಕ್ಕೆ ಕುದುರೆಯನ್ನು ಸಾಗಿಸುವುದು, ಪಕ್ಕದಲ್ಲಿ ಹಳೆಯ ಕುದುರೆ, ಬಲೆಚೀಲದ ತುಂಬ ಹುಲ್ಲು, ದೀಪ ಆರಿಸದಿರುವುದು, ಹೊರಗಿನ ಸದ್ದಿನ ಮೊನೆ ಮುರಿಯಲು ಫ್ಯಾನು ಅಥವಾ ರೇಡಿಯೊ. ಹಾಲ್ಟರ್ ಬಿಚ್ಚಿಡಬೇಕು, ಗೊರಸೋ ಕೊಕ್ಕೆಯೋ ಅದಕ್ಕೆ ಸಿಕ್ಕರೆ ಕೊರಳು ಮುರಿಯುತ್ತದೆ. ಮಂಪರು ಬರಿಸುವ ಮದ್ದಿನ ಬಗ್ಗೆ ವೈದ್ಯರೇ ತೀರ್ಮಾನಿಸಬೇಕು. ಅಸೆಪ್ರೊಮಜೀನ್‌ನಂಥವು ಮೈಯನ್ನು ಮಂದಗೊಳಿಸುತ್ತವೆಯೇ ಹೊರತು ಭಯವನ್ನು ತೆಗೆಯುವುದಿಲ್ಲ. ಮಂಕಾಗಿ ಕಂಡ ಕುದುರೆಯೂ ಏಕಾಏಕಿ ಒದೆಯಬಹುದು. ಮದ್ದು ಕೊಟ್ಟ ದಿನ ಪಾಠ ಮಾಡಿದರೆ ಅದು ಮದ್ದಿಲ್ಲದ ದಿನಕ್ಕೆ ಉಳಿಯುತ್ತದೆಂಬ ಭರವಸೆಯೂ ಇಲ್ಲ.

ತೋಪಿನ ಮುಂದೆ

ತೋಪು ದೊಡ್ಡ ಪಟಾಕಿಯಲ್ಲ. ಅದರ ಗುಡುಗು ನೆಲದಿಂದ ಗೊರಸಿಗೆ ಬರುತ್ತದೆ, ಕೋಟೆಗೋಡೆಗೆ ಬಡಿದು ಹಿಂದಿನಿಂದಲೂ ಬರುತ್ತದೆ. ಬೆಂಕಿ, ಹೊಗೆ, ವಾಸನೆ, ತೋಪಿನ ಸುತ್ತ ಚುರುಕಾಗಿ ಓಡಾಡುವ ಜನ ಎಲ್ಲ ಒಟ್ಟಿಗೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕೆಂಬ ನಿಯಮವನ್ನು ಇಲ್ಲಿ ಬಿಗಿಯಾಗಿ ಹಿಡಿಯಬೇಕು. ಮೊದಲು ಮದ್ದು ತುಂಬದ ಒಣ ತಾಲೀಮು: ಸಿಬ್ಬಂದಿ ಕೋಲು ಹಾಕಿ ತೆಗೆದು ತಮ್ಮ ಕವಾಯತು ಮಾಡುತ್ತಾರೆ, ಕುದುರೆ ಚಾಪೆಯ ಮೇಲೆ ನಿಂತು ತಿನ್ನುತ್ತದೆ. ಆಮೇಲೆ ಬಿಡಿ ತೋಪು, ಕಿವಿಗೆ ಉಂಡೆ ಇಟ್ಟು, ಪಟಾಕಿಗಿಂತ ಬಹಳ ದೂರದಿಂದ. ಆಮೇಲೆ ಎರಡು ತೋಪು ಒಂದರ ಹಿಂದೊಂದು, ಮೂರು, ಐದು. ಸಂಖ್ಯೆ ಹೆಚ್ಚಿಸಿದ ದಿನ ದೂರ ತಗ್ಗಿಸಬಾರದು.

ಬೆಳಕಿನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಅಷ್ಟು ದೂರದಲ್ಲಿ ನಿಂತ ಕುದುರೆಗೆ ಹೊಗೆ ಕಂಡ ಒಂದು ಸೆಕೆಂಡಿಗೆ ಸದ್ದು ಕೇಳುತ್ತದೆ. ಕೆಲವೇ ಸಲಕ್ಕೆ ಅದು ಹೊಗೆ ನೋಡಿಯೇ ಬಿಗಿಯಲು ಕಲಿಯುತ್ತದೆ. ಇದನ್ನೇ ಅನುಕೂಲ ಮಾಡಿಕೊಳ್ಳಬಹುದು: ಹೊಗೆ ಕಂಡ ಕೂಡಲೇ ‘ತಲೆ ತಗ್ಗಿಸು’ ಎಂಬ ಸೂಚನೆ, ತಲೆ ಇಳಿಯುವಷ್ಟರಲ್ಲಿ ಸದ್ದು, ಕೂಡಲೇ ಕ್ಯಾರೆಟ್.

ಸವಾರ ಹತ್ತುವುದು ಎಲ್ಲಕ್ಕಿಂತ ಕೊನೆಗೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಪ್ರಯೋಗವೊಂದರಲ್ಲಿ, ಕುದುರೆಯನ್ನು ನಡೆಸುವವರಿಗೂ ಸವಾರರಿಗೂ ‘ಈ ಸಲ ಪಕ್ಕದಲ್ಲಿ ಕೊಡೆ ಬಿಚ್ಚುತ್ತೇವೆ’ ಎಂದು ಹೇಳಿದರು. ಕೊಡೆ ಬಿಚ್ಚಲೇ ಇಲ್ಲ, ಆದರೂ ಜನರ ನಾಡಿಯೂ ಕುದುರೆಗಳ ನಾಡಿಯೂ ಏರಿದವು. ತೋಪಿನ ಮುಂದೆ ಕೂತ ಸವಾರನ ಬಿಗಿದ ಬೆರಳು, ತಡೆದ ಉಸಿರು ಕುದುರೆಗೆ ಸದ್ದಿಗಿಂತ ಮೊದಲೇ ತಲುಪುತ್ತವೆ. ಬಿಗಿಯಬೇಡ ಎಂದು ಹೇಳಿದರೆ ಯಾರ ಕೈಯೂ ಸಡಿಲವಾಗುವುದಿಲ್ಲ, ಕೈಗೆ ಬೇರೆ ಕೆಲಸ ಕೊಡಬೇಕು. ಕುದುರೆಯ ಕೊರಳಿಗೆ ಹಳೆಯ ರಿಕಾಪಿನ (ಸವಾರ ಕಾಲಿಡುವ ಬಳೆಯ) ಪಟ್ಟಿಯೊಂದನ್ನು ಸಡಿಲವಾಗಿ ತೊಡಿಸಿ, ಸದ್ದು ಬಂದಾಗ ಒಂದು ಕೈ ಆ ಪಟ್ಟಿಗೆ ಹೋಗುವಂತೆ ಸವಾರನಿಗೆ ಸದ್ದಿಲ್ಲದೆಯೇ ನೂರಾರು ಸಲ ರೂಢಿ ಮಾಡಿಸಬೇಕು. ಪಟ್ಟಿ ಹಿಡಿದ ಕೈ ಲಗಾಮು ಜಗ್ಗುವುದಿಲ್ಲ. ಕುದುರೆ ಕದಲಿದರೆ ಒಂದೇ ಲಗಾಮಿನಿಂದ ತಲೆ ತಿರುಗಿಸಿ ಸಣ್ಣ ಸುತ್ತು ಹಾಕಿಸುವುದು ನಡಿಗೆಯಲ್ಲೂ ದುಡುಕಿಯಲ್ಲೂ (ಕುಕ್ಕುಲೋಟದಲ್ಲೂ) ಸರಿ. ನಾಗಾಲೋಟಕ್ಕೆ ಬಿದ್ದ ಮೇಲೆ ಹಾಗೆ ತಿರುಗಿಸಿದರೆ ಕುದುರೆ ಮಗುಚುತ್ತದೆ, ಆಗ ದೊಡ್ಡ ಸುತ್ತನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬರಬೇಕು.

ತೀರ್ಮಾನ

ಮೆರವಣಿಗೆಗೆ ಒಯ್ಯಬಹುದೆಂದು ಹೇಳಲು ನಮ್ಮ ಅಳತೆ ಹೀಗೆ: ಸವಾರನಿದ್ದಾಗ, ಬೇರೆ ಬೇರೆ ಮೂರು ಜಾಗಗಳಲ್ಲಿ, ಸಾಲು ತೋಪಿಗೆ ಉತ್ತರ ಸೊನ್ನೆ ಅಥವಾ ಒಂದು, ನಾಡಿ ಒಂದು ನಿಮಿಷದೊಳಗೆ 60ಕ್ಕಿಂತ ಕೆಳಕ್ಕೆ. ಈ ಪ್ರಕರಣದ ಕುದುರೆ ಹಗಲಿನಲ್ಲಿ ಇಷ್ಟನ್ನೂ ಮುಟ್ಟುತ್ತದೆ, ಕಿವಿಗೆ ಉಂಡೆ ಇಟ್ಟಾಗ ಮಾತ್ರ. ಆದ್ದರಿಂದ ಹಗಲಿನ ಮೆರವಣಿಗೆಗೆ ಉಂಡೆ ಇಟ್ಟೇ, ಎರಡನೆಯ ಸಾಲಿನಲ್ಲಿ, ಎರಡೂ ಪಕ್ಕ ಹಳೆಯ ಕುದುರೆಗಳೊಂದಿಗೆ ಒಯ್ಯಬಹುದು. ಹಿಂದೆ ಸರಿಯಲು ಜಾಗ ಇರಬೇಕು, ಜನರ ಬೇಲಿಗೆ ಅಂಟಿದ ಅಂಚಿನಲ್ಲಿ ನಿಲ್ಲಿಸಬಾರದು. ಅಂದೇ ರಾತ್ರಿ ಬನ್ನಿಮಂಟಪದ ಪಂಜಿನ ಕವಾಯತಿನಂಥ ಬೆಂಕಿ, ಬಾಣಬಿರುಸು, ಕತ್ತಲೆ ಸೇರಿದ ಕಾರ್ಯಕ್ರಮ ಈ ವರ್ಷ ಇದಕ್ಕಲ್ಲ. ಹಗಲು ಗೆದ್ದ ಉತ್ಸಾಹದಲ್ಲಿ ರಾತ್ರಿಗೂ ಒಯ್ಯುವುದೆಂದರೆ ಹದಿನಾಲ್ಕು ವಾರದ ಕೆಲಸವನ್ನು ಪಣಕ್ಕಿಟ್ಟಂತೆ, ಬೇಲಿಯಾಚೆ ಕೂತ ಮಕ್ಕಳನ್ನೂ ಕೂಡ.

ವಿಜಯದಶಮಿಯ ಮರುದಿನ ಪೂರ್ತಿ ಬಿಡುವು, ಮೇವು, ಮೈ ಉಜ್ಜುವುದು. ಅಲ್ಲಿಂದ ಇಪ್ಪತ್ತು ದಿನಕ್ಕೆ ದೀಪಾವಳಿ. ಆ ಮೂರು ರಾತ್ರಿಗಳಿಗೆ ಒಳಲಾಯದ ವ್ಯವಸ್ಥೆ ಮತ್ತೆ ಬೇಕು, ಸಾಧ್ಯವಿದ್ದರೆ ಊರಾಚೆಯ ತೋಟದ ಲಾಯಕ್ಕೆ ಸಂಗಾತಿಯ ಸಮೇತ ಸಾಗಿಸುವುದು ಮೇಲು. ಕಾರ್ತಿಕ ಕಳೆದ ಮೇಲೆ ಮುಸ್ಸಂಜೆಯ ಪಾಠಗಳನ್ನು 500 ಮೀಟರಿನಿಂದ ಆರಂಭಿಸಬಹುದು: ಮೊದಲು ಬರಿಯ ಪಂಜು, ಸದ್ದಿಲ್ಲದೆ, ಆಮೇಲೆ ಸದ್ದು, ಪಂಜಿಲ್ಲದೆ. ಎರಡೂ ಒಟ್ಟಿಗೆ ಬರುವುದು ಕುದುರೆ ಎರಡರಲ್ಲೂ ಬಾಂಡ್ಲಿಯಿಂದ ತಲೆ ಎತ್ತದಂತಾದ ಮೇಲೆ.